ಕದಿರಮ್ಮನ ಎಂಟು ಕುಂಡಗಳು

ಹೊಸೂರು ಬಳಿಯ ಬೇರಿಕೆಯ ಕದಿರಮ್ಮ ಹತ್ತೊಂಬತ್ತು ವರ್ಷ ಗುಲಾಬಿ ಕೊಯ್ದವಳು. ಊರಾಚೆ ಬಿಳಿ ಪ್ಲಾಸ್ಟಿಕ್ಕಿನ ಪಾಲಿಹೌಸುಗಳು ಎದ್ದ ಹೊಸದರಲ್ಲೇ ಕೂಲಿಗೆ ಸೇರಿ, ಮೊಣಕೈವರೆಗೂ ಮುಳ್ಳು ಗೀರಿದ ಕೈಯಲ್ಲೇ ಮಗನ ಸಂಸಾರಕ್ಕೆ ಹೆಗಲು ಕೊಟ್ಟು, ಮೊಮ್ಮಗಳನ್ನು ಆಡಿಸಿ, ಓದಿಸಿದಳು. ಫೆಬ್ರವರಿ ಹತ್ತಿರ ಬಂದರೆ ಪ್ರೇಮಿಗಳ ದಿನಕ್ಕೆಂದು ಕೆಂಪು ಗುಲಾಬಿಗೆ ಎಲ್ಲಿಲ್ಲದ ಬೇಡಿಕೆ. ದಿನವೆಲ್ಲ ಬಗ್ಗಿ ಕೊಯ್ಯುತ್ತಾ, "ಯಾವನೋ ಯಾವಳಿಗೋ ಹೂವು ಕೊಡಾಕೆ ನನ್ ಸೊಂಟ ಯಾಕ್ ಮುರೀಬೇಕು?" ಎಂದು ಅವಳು ಗೊಣಗಿದರೆ ಸಾಲಿನ ಹೆಂಗಸರೆಲ್ಲ ಕತ್ತರಿ ಕೆಳಗಿಟ್ಟು ನಗುತ್ತಿದ್ದರು. ಮೇಸ್ತ್ರಿಗಳಿಗೆ ಅವಳನ್ನು ಕಂಡರೆ ಭಯ. ಅವರ ನಡಿಗೆ, ಕೆಮ್ಮು, ಫೋನಿನಲ್ಲಿ ಮಾತಾಡುವ ವೈಖರಿ, ಎಲ್ಲವನ್ನೂ ಅವರ ಬೆನ್ನ ಹಿಂದೆಯೇ ಮಾಡಿ ತೋರಿಸುತ್ತಿದ್ದಳು.

ಕೊನೆಕೊನೆಗೆ ಹುಳುವಿಗೆ ಹೊಡೆಯುವ ಔಷಧಿಯ ಘಾಟು ಅವಳ ಎದೆಗೆ ಹತ್ತಿತು. ಉಸಿರು ಕಟ್ಟಿ ಕೆಮ್ಮು ಬಂದರೆ ಅರ್ಧ ಗಂಟೆ ಬಿಡುತ್ತಿರಲಿಲ್ಲ. ಮಗ ಚಿನ್ನಸ್ವಾಮಿ ಹಟ ಹಿಡಿದು ಕೆಲಸ ಬಿಡಿಸಿದ. ಅವನು ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಉಳಿದ ಹೊತ್ತು ಬೀನ್ಸು, ಟೊಮೇಟೊ ಬೆಳೆಯುವವನು. ಕೈಯಲ್ಲಿ ಸ್ವಲ್ಪ ಕಾಸು ಆಡುತ್ತಲೇ ಮನೆಯ ಮುಂಭಾಗ ಒಡೆಸಿ, ಶೀಟು ಹೊದಿಸಿ, ಕೆಳಗೆ ಫಳಫಳ ಟೈಲ್ಸು ಹಾಕಿಸಿದ.

"ಅಮ್ಮಾ, ಇನ್ಮೇಲೆ ಇದನ್ನ ಜಗಲಿ ಅನ್ಬೇಡ. ಸಿಟೌಟು."

"ಕೂತ್ಕೊಂಡ್ರೆ ಜಗಲಿ ಕಣ್ಲಾ. ಹೆಸ್ರು ನಿಂಗೆ ಬೇಕಾದ್ದು ಇಟ್ಕೊ" ಎಂದಳು ಕದಿರಮ್ಮ.

ಸಿಟೌಟೋ ಜಗಲಿಯೋ, ಸಂಜೆಯಾದರೆ ಅದು ಸೊಳ್ಳೆಗಳದ್ದಾಗುತ್ತಿತ್ತು. ಪಕ್ಕದ ಖಾಲಿ ಸೈಟಿನಲ್ಲಿ ಬೀದಿಯ ಮೋರಿ ಬಂದು ನಿಂತುಬಿಡುತ್ತದೆ, ಮುಂದಕ್ಕೆ ಹರಿಯುವುದಿಲ್ಲ. ಸೂರ್ಯ ಇಳಿದನೋ ಇಲ್ಲವೋ, ಅಲ್ಲಿಂದ ದಂಡು ಹೊರಟಿತೆಂದೇ ಲೆಕ್ಕ. ಚಿನ್ನಸ್ವಾಮಿ ಸೊಳ್ಳೆ ಬತ್ತಿ ಹಚ್ಚಿಟ್ಟ. ಸೊಳ್ಳೆಗಳು ಹೋಗುವ ಮೊದಲೇ ಅವ್ವ ಕೆಮ್ಮುತ್ತಾ ಒಳಗೆ ಹೋದಳು. ಹೊಗೆಯೂ ಆಗದು, ಔಷಧಿಯೂ ಆಗದು. ಹಾಗಂತ ಸಂಜೆ ಹೊತ್ತು ಒಳಗೆ ಟೀವಿ ಮುಂದೆ ಕೂರುವ ಜಾತಿಯೂ ಅವಳಲ್ಲ. ಬೀದಿಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟರು, ಯಾರ ಸೊಸೆ ಯಾವ ಬಸ್ಸಿಗೆ ಬಂದಳು, ಇದೆಲ್ಲ ಜಗಲಿಯಲ್ಲಿ ಕೂತರೆ ಮಾತ್ರ ತಿಳಿಯುವ ಸಂಗತಿ.

ಹಾಗಾಗಿ ಗಿಡ ತಂದಳು. ಕೆರೆ ಏರಿಯಿಂದ ಲಕ್ಕಿ ಗಿಡದ ಕಡ್ಡಿ ಮುರಿದು ತಂದಳು. "ಕನ್ನಡದಾಗೆ ಲಕ್ಕಿ, ತಮಿಳ್ನಾಗೆ ನೊಚ್ಚಿ, ತೆಲುಗ್ನಾಗೆ ವಾವಿಲಿ, ಸೊಳ್ಳೆ ಭಾಷೇನಾಗೆ ಯಮ" ಎನ್ನುವುದು ಅವಳ ವಿವರಣೆ. ಮಗನ ಟೊಮೇಟೊ ಸಾಲಿನ ಬದುವಿನಿಂದ ಚೆಂಡುಹೂವಿನ ಗಿಡ ಬಂತು. ನಿಂಬೆ ವಾಸನೆಯ ಮಜ್ಜಿಗೆ ಹುಲ್ಲು, ದವನ, ಮರುಗ ಸಂತೆಯಿಂದ ಬಂದವು. ಕಾಮಕಸ್ತೂರಿಯೊಂದು ಮಾತ್ರ ದೇವಸ್ಥಾನದ ಹಿತ್ತಲಿನಿಂದ, ಪೂಜಾರಪ್ಪ ಮಂಗಳಾರತಿಯಲ್ಲಿ ಕಣ್ಣುಮುಚ್ಚಿದ್ದಾಗ ಬಂತು. ಕದ್ದ ಗಿಡ ಚೆನ್ನಾಗಿ ಹತ್ತುತ್ತದೆ ಎಂಬುದು ಅವಳ ಖಚಿತವಾದ ನಂಬಿಕೆ.

ಮಣ್ಣಿನ ಕುಂಡ ಎಂಟು. ಮೊದಲ ತಿಂಗಳು ಏನೂ ಆಗಲಿಲ್ಲ. ಗಿಡಗಳು ಸೊಂಪಾಗಿ ನಿಂತವು, ಸೊಳ್ಳೆಗಳು ಅವುಗಳ ಮೇಲೆಯೇ ಕೂತು ಸುಧಾರಿಸಿಕೊಂಡು ಬಂದು ಕಚ್ಚಿದವು. ಸೊಸೆ ನಾಗಲಕ್ಷ್ಮಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಕದಿರಮ್ಮ ಸೋಲೊಪ್ಪಲಿಲ್ಲ. ಒಂದು ಬೆಳಿಗ್ಗೆ ಕುಂಡದಡಿಯ ತಟ್ಟೆಗಳನ್ನು ಬಗ್ಗಿ ನೋಡಿದರೆ, ಹನಿದು ನಿಂತ ನೀರಿನಲ್ಲಿ ಸೊಳ್ಳೆ ಮರಿಗಳು ಪುಳಪುಳ ಕುಣಿಯುತ್ತಿದ್ದವು. "ನಮ್ಮನೆ ಅನ್ನ ತಿಂದು ನಮ್ಗೇ ಬೆನ್ನಿಗೆ ಚೂರಿ!" ಎಂದು ಎಂಟೂ ತಟ್ಟೆಗಳನ್ನು ಎತ್ತಿ ಬೀದಿಗೆ ಎಸೆದಳು. ಆಮೇಲೆ ಇನ್ನೊಂದು ಗುಟ್ಟು ತಿಳಿಯಿತು. ಗಿಡ ಸುಮ್ಮನೆ ನಿಂತರೆ ವಾಸನೆ ಬಿಡುವುದಿಲ್ಲ. ಮೈಗೆ ಮೈ ತಾಗಬೇಕು. ಅದಕ್ಕೆ ಕುಂಡಗಳನ್ನು ಕೂರುವ ಜಾಗಕ್ಕೆ ಒತ್ತಾಗಿ, ಮೋರಿಯ ಕಡೆಯ ಮೂಲೆಗೆ ಅರ್ಧಚಂದ್ರದ ಹಾಗೆ ಜೋಡಿಸಿದಳು. ಕೂತವರ ಕಾಲು, ಸೆರಗು ತಾಕುತ್ತಲೇ ಇರಬೇಕು. ಆಗಾಗ ಒಂದು ಹಿಡಿ ಎಲೆ ಕಿತ್ತು ಉಜ್ಜಿ ಕೈಕಾಲಿಗೆ ಸವರಿಕೊಳ್ಳಬೇಕು. ಸೊಳ್ಳೆ ಪೂರ್ತಿ ಹೋಗಲಿಲ್ಲ. ಆದರೆ ಹತ್ತು ಕಚ್ಚುವ ಕಡೆ ಒಂದು ಕಚ್ಚಿತು. ಕದಿರಮ್ಮನಿಗೆ ಅಷ್ಟು ಸಾಕು. ಯಾವ ಕುರ್ಚಿಯಲ್ಲಿ ಕೂತರೆ ಎಷ್ಟು ಕಚ್ಚುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಯಿತು.

ಈ ವಿದ್ಯೆ ಬೇರೆ ಕೆಲಸಕ್ಕೂ ಬರುತ್ತದೆ ಎಂದು ತಿಳಿದದ್ದು ಮೊಮ್ಮಗಳು ವನಿತಾಳಿಗೆ ಗಂಡು ನೋಡಲು ಶುರುಮಾಡಿದಾಗ.

ವನಿತಾಳಿಗೆ ಇಪ್ಪತ್ನಾಲ್ಕು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸ. ಕಂಪನಿ ಬಸ್ಸು ಇಳಿದು ಸಂಜೆ ಮನೆಗೆ ಬಂದವಳು ಕೈಕಾಲು ತೊಳೆದು ಅಜ್ಜಿಯ ಪಕ್ಕ ಜಗಲಿಯಲ್ಲಿ ಕೂತುಬಿಡುವಳು. ಅವಳು ಆ ದಿನದ ಕಾರ್ಖಾನೆ ಕತೆ ಹೇಳಬೇಕು, ಅಜ್ಜಿ ಅವಳ ಸೂಪರ್‌ವೈಸರನನ್ನು ನೋಡದೆಯೇ ಅವನ ಹಾಗೆ ಮಾತಾಡಿ ತೋರಿಸಬೇಕು. ಇದು ದಿನಾ ನಡೆಯುವ ಆಟ.

ಮೊದಲು ಬಂದ ಸಂಬಂಧ ರಾಯಕೋಟೆಯದು. ಹುಡುಗನ ಹೆಸರು ಗೋಪಿನಾಥ್. ವನಿತಾಳ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದ. ಎರಡು ಸಲವೂ ತನ್ನ ಹೊಸ ಕಾರಿನ ಬಗ್ಗೆಯೇ ಮಾತಾಡಿದ್ದ. ಅವನ ತಾಯಿ ಶಾಂತಿಯಂತೂ, ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕೆಂದು ನಾಗಲಕ್ಷ್ಮಿಗೆ ಮೊದಲೇ ಹೇಳಿಯಾಗಿತ್ತು.

"ಅಜ್ಜಿ, ನಂಗೆ ಬ್ಯಾಡ" ಎಂದಳು ವನಿತಾ. "ನಾನ್ ಬ್ಯಾಡ ಅಂದ್ರೆ ಅಪ್ಪ ಕೇಳಲ್ಲ. ಅವ್ರೇ ಬ್ಯಾಡ ಅನ್ಬೇಕು."

ಕದಿರಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಮೋರಿಯ ಕಡೆ ಒಮ್ಮೆ ನೋಡಿದಳು. "ಭಾನುವಾರ ಬರಾಕೆ ಹೇಳು. ರಾಹುಕಾಲ ಕಳೆದ್ಮೇಲೆ."

ಭಾನುವಾರ ರಾಹುಕಾಲ ಕಳೆಯುವುದು ಸಂಜೆ ಆರಕ್ಕೆ. ಮೋರಿಯ ದಂಡು ಹೊರಡುವುದೂ ಆಗಲೇ. ಶಾಸ್ತ್ರ ತಪ್ಪಬಾರದೆಂದು ಅವ್ವನೇ ಹೇಳಿದ್ದು ಕಂಡು ಚಿನ್ನಸ್ವಾಮಿಗೆ ಸಂತೋಷವಾಯಿತು. ಅಂದು ಮಧ್ಯಾಹ್ನ ಅವಳು ಒಬ್ಬಳೇ ಕುಂಡಗಳನ್ನು ಎಳೆದಾಡುತ್ತಿದ್ದುದನ್ನು ಕಂಡಾಗಲೂ ಅವನು ಜಗಲಿಯನ್ನು ಚೆಂದ ಮಾಡುತ್ತಿದ್ದಾಳೆ ಎಂದುಕೊಂಡ. ಎಂಟೂ ಕುಂಡಗಳು ಮೋರಿಯ ಮೂಲೆ ಬಿಟ್ಟು ಮನೆಯವರು ಕೂರುವ ಬೆಂಚಿನ ಸುತ್ತ ಬಂದು ನಿಂತವು. ಖಾಲಿಯಾದ ಮೂಲೆಗೆ ಒಳ್ಳೆಯ ಕುರ್ಚಿಗಳು ಬಂದವು, ಅವುಗಳ ಮೇಲೆ ಒಗೆದ ಟವೆಲ್ಲುಗಳೂ ಬಂದವು.

ರಾಯಕೋಟೆಯವರು ಆರೂಕಾಲಿಗೆ ಕಾರಿನಲ್ಲಿ ಇಳಿದರು.

"ಬನ್ನಿ, ಬನ್ನಿ, ಇಲ್ ಕೂತ್ಕೊಳಿ. ಒಳ್ಳೆ ಗಾಳಿ ಬತ್ತದೆ" ಎಂದು ಕದಿರಮ್ಮ ಅವರನ್ನು ತಾನೇ ಕೈಹಿಡಿದು ಕೂರಿಸಿದಳು.

ಶಾಂತಿ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು ಶುರು ಮಾಡಿದಳು. "ನಮ್ದು ರಾಯಕೋಟೇಲಿ ಎರಡು ಮಾಳಿಗೆ ಮನೆ... (ಚಟ್!) ಮೇಲ್ಗಡೆ ಮಾರ್ಬಲ್ಲು... (ಚಟ್! ಚಟ್!) ನಮ್ ಹುಡ್ಗ ಒಂದಿನ ಜೋರಾಗಿ ಮಾತಾಡ್ದೋನಲ್ಲ..."

"ಥೂ ಇದರಜ್ಜಿ!" ಎಂದು ಗೋಪಿನಾಥ್ ಕುರ್ಚಿಯಿಂದ ಎಗರಿದ. ಕುತ್ತಿಗೆಗೆ ಬಿದ್ದ ಏಟಿಗೆ ಅವನ ಕನ್ನಡಕವೇ ಕೆಳಗೆ ಬಿತ್ತು.

"ಅಯ್ಯೋ, ಎನ್ನ ಕೊಸು ಇದು!" ಎಂದು ತಾಯಿ ಸೊಳ್ಳೆಗಳಿಗೆ ತಮಿಳಿನಲ್ಲಿ ಶಾಪ ಹಾಕಿ ಎದುರಿಗಿದ್ದವರನ್ನು ನೋಡಿದಳು. ಎದುರು ಬೆಂಚಿನಲ್ಲಿ ಯಾರೂ ಕೈ ಎತ್ತುತ್ತಿರಲಿಲ್ಲ. "ನಿಮಗ್ಯಾರ್ಗೂ ಕಚ್ಚಲ್ವೇನಮ್ಮಾ?"

"ನಮ್ ರಕ್ತ ಅವಕ್ಕೆ ಸಪ್ಪೆಯಾಗೋಗದೆ" ಎಂದಳು ಕದಿರಮ್ಮ ವಿನಯದಿಂದ. "ಹೊಸಬ್ರು ಬಂದ್ರೆ ಹಬ್ಬ ಮಾಡ್ತವೆ. ಮೂರು ವರ್ಷ ಬಂದು ಹೋಗಿ ಮಾಡಿದ್ರೆ ನಿಮ್ಗೂ ಒಗ್ಗೋಗ್ತದೆ. ಅಳಿಯ ಅಂದ್ಮೇಲೆ ಹಬ್ಬಕ್ಕೆ ನಾಕ್ ದಿನ ಇರ್ಲೇಬೇಕಲ್ವಾ? ಇಲ್ಲೇ, ಇದೇ ಜಗಲೀಲಿ ಚಾಪೆ ಹಾಸ್ತೀವಿ."

ವನಿತಾ ಕಾಫಿ ತಂದಾಗ ಹುಡುಗ ಅವಳ ಮುಖ ನೋಡಲಿಲ್ಲ. ಬಗ್ಗಿ ಪಾದ ಕೆರೆದುಕೊಳ್ಳುತ್ತಿದ್ದ. ನಾಗಲಕ್ಷ್ಮಿ ಬೆಳಗಿನಿಂದ ಕೂತು ಮಾಡಿದ್ದ ಕೇಸರಿಬಾತು, ಬಜ್ಜಿ ತಟ್ಟೆಯಲ್ಲೇ ಉಳಿದವು. ಮಾರನೆಯ ದಿನ ರಾಯಕೋಟೆಯಿಂದ ಫೋನು ಬಂತು: ಜಾತಕ ಕೂಡುತ್ತಿಲ್ಲ. "ಮೊನ್ನೆ ಹದಿನಾರಾಣೆ ಕೂಡಿತ್ತಲ್ಲ!" ಎಂದು ಚಿನ್ನಸ್ವಾಮಿ ತಲೆ ಕೆರೆದುಕೊಂಡ. ಒಳಗೆ ಅಜ್ಜಿ ಮೊಮ್ಮಗಳು ದಿಂಬಿಗೆ ಮುಖವೊತ್ತಿಕೊಂಡು ನಗುತ್ತಿದ್ದರು.

ಶೂಳಗಿರಿಯಿಂದ ಬಂದ ಎರಡನೆಯ ಸಂಬಂಧದವರು ಕಾಫಿಯವರೆಗೂ ತಡೆಯಲಿಲ್ಲ. ಆ ಹುಡುಗನನ್ನೂ ವನಿತಾಳೇ ಬೇಡವೆಂದಿದ್ದಳು. ಹಾಗಾಗಿ ಕದಿರಮ್ಮನಿಗೆ ಪಾಪವೆನಿಸಲಿಲ್ಲ. ನಿಜ ಹೇಳಬೇಕೆಂದರೆ, ಕೈಗೆ ರುಚಿ ಹತ್ತಿತ್ತು.

ಮೂರನೆಯದು ಕೆಲಮಂಗಲದ ಸಂಬಂಧ. ಹುಡುಗ ವಾಸು. ಸೇವಂತಿಗೆ ಬೆಳೆಯುತ್ತಾನೆ, ಪಕ್ಕದಲ್ಲಿ ಸಣ್ಣದೊಂದು ನರ್ಸರಿ ಇಟ್ಟು ಸಸಿ ಮಾರುತ್ತಾನೆ. ತಂದೆ ಇಲ್ಲ. ಈ ಸಲ ವನಿತಾ ಬೇಡವೆಂದೂ ಅನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಶನಿವಾರ ಸಂಜೆ ಅಜ್ಜಿಯ ಪಕ್ಕ ಬಂದು ಕೂರುವ ಬದಲು ಒಳಗೆ ಸೀರೆಗೆ ಇಸ್ತ್ರಿ ಹಾಕಿಕೊಂಡಳು. ಅದೂ ತಾನೇ, ಹಾಡು ಗುನುಗಿಕೊಂಡು.

ಕದಿರಮ್ಮ ಜಗಲಿಯಲ್ಲಿ ಒಬ್ಬಳೇ ಕೂತು ಆ ಹಾಡು ಕೇಳಿಸಿಕೊಂಡಳು. ಈ ಹುಡುಗಿ ಹೋದರೆ ಸಂಜೆ ಬಸ್ಸಿಗೆ ಕಾಯುವುದೇನಿದೆ? ನಾಗಲಕ್ಷ್ಮಿ ಒಳ್ಳೆಯವಳೇ, ಆದರೆ ತಮಾಷೆ ಮಾಡಿದರೆ ಅದನ್ನು ಎರಡು ಸಲ ಬಿಡಿಸಿ ಹೇಳಬೇಕು. ಚಿನ್ನಸ್ವಾಮಿಗೆ ಮೂರು ಸಲ. "ಬರ್ಲಿ, ನೋಡಾನ. ಗಟ್ಟಿಯಾದೋನಾದ್ರೆ ತಡ್ಕೊಂತಾನೆ" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಭಾನುವಾರ ಮಧ್ಯಾಹ್ನ ಯಾರೂ ಹೇಳದೆಯೇ ಎಂಟೂ ಕುಂಡಗಳನ್ನು ಎಳೆದಳು.

ವಾಸು ತಾಯಿ ಗೋವಿಂದಮ್ಮನ ಜೊತೆ, ಸೋದರಮಾವನ ಜೊತೆ ಬಂದ. ಮೂವರೂ ಮೋರಿಯ ಮೂಲೆಯಲ್ಲಿ ಕೂತರು. ಸೋದರಮಾವ ಎರಡೇ ನಿಮಿಷಕ್ಕೆ ಪಂಚೆಯನ್ನು ಪಾದದವರೆಗೆ ಇಳಿಸಿಕೊಂಡ. ಗೋವಿಂದಮ್ಮ ಸದ್ದಿಲ್ಲದೆ ಸೆರಗಿನಿಂದ ಗಾಳಿ ಹಾಕಿಕೊಂಡಳು. ಹುಡುಗ ಮಾತ್ರ ಕೈ ಎತ್ತಲಿಲ್ಲ, ಬಾಯಿ ಬಿಡಲಿಲ್ಲ. ಅವನ ಹಣೆಯ ಮೇಲೆ ಒಂದು ಸೊಳ್ಳೆ ಹಾಯಾಗಿ ಕೂತು ಕುಡಿಯುತ್ತಿದ್ದುದು ಕದಿರಮ್ಮನಿಗೆ ಇಲ್ಲಿಂದಲೇ ಕಾಣುತ್ತಿತ್ತು. ಅವನು ತಲೆ ತಗ್ಗಿಸಿ ನೆಲವನ್ನೇ ನೋಡುತ್ತಿದ್ದ. ನಾಚಿಕೆ ಹುಡುಗ ಎಂದುಕೊಂಡಳು.

ನಾಚಿಕೆಯಲ್ಲ. ಬೇರಿಕೆಯ ಬೋರ್‌ವೆಲ್ ನೀರು ಉಪ್ಪು. ತಟ್ಟೆಗಳನ್ನು ಎಸೆದ ಮೇಲೆ ಕುಂಡದಿಂದ ಇಳಿದ ನೀರು ಟೈಲ್ಸಿನ ಮೇಲೆಯೇ ಒಣಗಿ, ಒಂದೊಂದು ಕುಂಡಕ್ಕೂ ಒಂದೊಂದು ಬಿಳಿ ಬಳೆ ಎದ್ದಿತ್ತು. ಈಗ ಆ ಎಂಟು ಬಳೆಗಳು ವಾಸುವಿನ ಕಾಲ ಸುತ್ತ, ಖಾಲಿಯಾಗಿ, ಅರ್ಧಚಂದ್ರದ ಹಾಗೆ ಮಲಗಿದ್ದವು. ಅವನು ಬಳೆಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಎದುರು ಬೆಂಚಿನ ಬುಡದ ಎಂಟು ಕುಂಡಗಳನ್ನು ನೋಡಿದ. ಆಮೇಲೆ ಕದಿರಮ್ಮನನ್ನು ನೋಡಿದ.

ಎದ್ದು ಬಂದು ಲಕ್ಕಿಯ ಕುಂಡವನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿ, ತನ್ನ ತಾಯಿಯ ಕಾಲ ಬಳಿಯ ಬಿಳಿ ಬಳೆಯೊಳಗೆ ಇಟ್ಟ. ಮುಚ್ಚಳ ಮುಚ್ಚಿದ ಹಾಗೆ ಕೂತುಕೊಂಡಿತು.

"ಪಾಪ, ಇದರ ಜಾಗ ಇದು ಕಣಜ್ಜಿ" ಎಂದ. "ಯಾರೋ ಮನೆ ಬಿಡಿಸವ್ರೆ."

"ಗುಡಿಸಾಕೆ ಎತ್ತಿಟ್ಟಿದ್ದೆ ಕಣಪ್ಪಾ" ಎಂದಳು ಕದಿರಮ್ಮ.

"ಗುಡಿಸಾಕೆ ಎತ್ತಿಟ್ರೆ ಎಂಟೂ ಹೋಗಿ ನಿಮ್ ಕಾಲ್ನೇ ಕಟ್ಕೊಂಡ್ವಲ್ಲಜ್ಜಿ!"

ಗೋವಿಂದಮ್ಮನಿಗೆ ನಗು ತಡೆಯಲಾಗಲಿಲ್ಲ. ವಾಸು ಒಂದು ಹಿಡಿ ಲಕ್ಕಿ ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ ತಾಯಿಗೂ ಮಾವನಿಗೂ ಕೊಟ್ಟ. ಉಳಿದ ಏಳು ಕುಂಡಗಳನ್ನೂ ಒಂದೊಂದಾಗಿ ಹೊತ್ತು ತಂದು ಬಳೆಗಳಲ್ಲಿ ಕೂರಿಸಿದ. ಚಿನ್ನಸ್ವಾಮಿ ಕುಂಡಗಳನ್ನು ನೋಡಿದ, ಬಳೆಗಳನ್ನು ನೋಡಿದ, ರಾಯಕೋಟೆಯನ್ನೂ ಶೂಳಗಿರಿಯನ್ನೂ ನೆನೆದ. ಅವನ ಮುಖ ನಿಧಾನವಾಗಿ ಕೆಂಪಗಾಯಿತು. ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ವನಿತಾ ಅಜ್ಜಿಯ ಕಡೆ ಒಂದೇ ಒಂದು ನೋಟ ಹಾಕಿದಳು. ಕದಿರಮ್ಮ ಸೂರಿನ ಶೀಟು ಎಣಿಸತೊಡಗಿದಳು.

ಅಷ್ಟಾದರೂ ವಾಸು ಸುಮ್ಮನಿರಲಿಲ್ಲ. "ದವನ ನೆರಳಲ್ಲಿಟ್ರೆ ಸೊರಗ್ತದಜ್ಜಿ, ಬಿಸಿಲಿಗಿಡಿ" ಎಂದ. ಹತ್ತೊಂಬತ್ತು ವರ್ಷ ಗಿಡದ ನಡುವೆ ಇದ್ದವಳಿಗೆ ಈ ಮಾತು ಆಡಬಹುದೇ? "ನಿನ್ ನರ್ಸರಿ ದವನ ಸೊರಗ್ತದೇನೋ, ನಂದಲ್ಲ" ಎಂದಳು. ಅಲ್ಲಿಂದ ಮಜ್ಜಿಗೆ ಹುಲ್ಲನ್ನು ಎಷ್ಟು ದಿನಕ್ಕೆ ಕೊಯ್ಯಬೇಕು, ಮರುಗಕ್ಕೆ ನೀರೆಷ್ಟು ಎಂದು ಅರ್ಧ ಗಂಟೆ ವಾದ. ಹೆಣ್ಣು ನೋಡಲು ಬಂದದ್ದೇ ಎಲ್ಲರಿಗೂ ಮರೆತುಹೋಯಿತು. ಕಾಫಿಯನ್ನು ಎರಡು ಸಲ ಬಿಸಿ ಮಾಡಬೇಕಾಯಿತು.

ಅವರು ಹೋದ ಮೇಲೆ ಚಿನ್ನಸ್ವಾಮಿ ಕೂಗಾಡಿದ. ಅದನ್ನು ಕದಿರಮ್ಮ ಈ ಕಿವಿಯಿಂದ ಆ ಕಿವಿಗೆ ಬಿಟ್ಟಳು. ವನಿತಾ ಕೂಗಲಿಲ್ಲ. ಅಜ್ಜಿಯ ಮುಂದೆ ಬಂದು ನಿಂತಳು.

"ಈ ಸಲ ನಾನ್ ಹೇಳಿದ್ನಾ ಅಜ್ಜಿ?"

"ನಾನೇನ್ ಮಾಡಿದ್ನೇ? ಕಚ್ಚಿದ್ದು ಸೊಳ್ಳೆ."

"ನಾನ್ ಹೇಳಿದ್ನಾ?"

ಕದಿರಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ತಂದಳು. "ಇಲ್ಲ."

ವನಿತಾ ಮಾತು ಬಿಟ್ಟಳು. ಸೋಮವಾರ ಸಂಜೆ ಬಸ್ಸಿಳಿದು ನೇರ ಒಳಗೆ ಹೋದಳು. ಮಂಗಳವಾರವೂ ಹಾಗೇ. ಕೆಲಮಂಗಲದಿಂದಲೂ ಫೋನಿಲ್ಲ. ಚಿನ್ನಸ್ವಾಮಿ ಫೋನನ್ನು ಅಂಗಿಯ ಜೇಬಿನಿಂದ ತೆಗೆಯುವುದು, ನೋಡುವುದು, ಇಡುವುದು. ಜಗಲಿಯಲ್ಲಿ ಸೊಳ್ಳೆ ಕಚ್ಚದಿದ್ದರೂ ಕದಿರಮ್ಮನಿಗೆ ಕೂರಲಾಗಲಿಲ್ಲ. ನಗಿಸಲು ಯಾರೂ ಇಲ್ಲದ ಮೇಲೆ ಸುಮ್ಮನೆ ಬೀದಿ ನೋಡಿ ಏನು ಮಾಡುವುದು?

ಬುಧವಾರ ಬೆಳಿಗ್ಗೆ, "ಹೊಸೂರಾಗೆ ಕಣ್ಣು ತೋರಿಸ್ಕೊಂಡು ಬತ್ತೀನಿ" ಎಂದು ಸೊಸೆಗೆ ಹೇಳಿ ಹೊರಟಳು. ಕಣ್ಣು ತೋರಿಸಲು ಹೋಗುವವಳು ಕಾಮಕಸ್ತೂರಿಯ ಕುಂಡವನ್ನೇಕೆ ಸೊಂಟದ ಮೇಲೆ ಹೊತ್ತಳೆಂದು ನಾಗಲಕ್ಷ್ಮಿ ಕೇಳುವಷ್ಟರಲ್ಲಿ ಬೀದಿ ತಿರುಗಿಯಾಗಿತ್ತು. ಬಸ್ಸಿನಲ್ಲಿ ಕಂಡಕ್ಟರು ಕುಂಡಕ್ಕೆ ಲಗೇಜು ಹಾಕಬೇಕೆಂದು ತಮಿಳಿನಲ್ಲಿ ದಬಾಯಿಸಿದ. "ಅದು ನನ್ನ ಮಡಿಲಲ್ಲಿ ಕೂತಿದೆ, ನಿನ್ನ ಸೀಟೇನಾದರೂ ಕೇಳಿತೇ?" ಎಂದು ಅವನ ತಮಿಳಿನಲ್ಲೇ ಕೇಳಿದಳು. ಇಡೀ ಬಸ್ಸು ನಕ್ಕಿತು. ಮೂರು ದಿನದಲ್ಲಿ ಮೊದಲ ಸಲ ಅವಳ ಎದೆ ಹಗುರಾಯಿತು. ಹೊಸೂರಿನಲ್ಲಿ ಇಳಿದು ಕೆಲಮಂಗಲದ ಬಸ್ಸು ಹತ್ತಿದಳು.

ವಾಸು ತೋಟದಲ್ಲಿದ್ದ. ಗೋವಿಂದಮ್ಮ ಅವಳನ್ನು ಕಂಡು ಬೆರಗಾಗಿ, ಮನೆಮುಂದಿನ ಕಲ್ಲಿನ ಮೇಲೆ ಕೂರಿಸಿ ಮಜ್ಜಿಗೆ ತರಲು ಒಳಗೆ ಹೋದಳು. ಕೂತು ಒಂದು ನಿಮಿಷವಾಗಿಲ್ಲ, ಕದಿರಮ್ಮನ ಕಾಲಿಗೆ ಚುರ್ ಎಂದಿತು. ನೋಡಿದರೆ ಕಾಲಿನ ಮೇಲೆ ಬಿಳಿ ಪಟ್ಟೆಯ ಸೊಳ್ಳೆ. ಹಗಲು ಹೊತ್ತಿನಲ್ಲಿ! ಇನ್ನೊಂದು ಕಚ್ಚಿತು, ಮತ್ತೊಂದು. ಅವಳಿಗೆ ನೋವಿನ ಬದಲು ಸಂತೋಷವಾಯಿತು. ಎದ್ದು ಹಸಿರು ನೆರಳುಬಲೆಯ ಕೆಳಗೆ ಸಸಿ ತಟ್ಟೆಗಳ ನಡುವೆ ಹುಡುಕುತ್ತಾ ಹೋದಳು. ಮೂಲೆಯಲ್ಲಿ ನೀಲಿ ಡ್ರಮ್ಮು, ಬಾಯಿ ತೆರೆದೇ ಇದೆ, ಅಂಚಿನವರೆಗೆ ನೀರು. ಬಗ್ಗಿ ನೋಡಿದಳು. ಒಳಗೆ ಜಾತ್ರೆಯೇ ನಡೆಯುತ್ತಿತ್ತು.

"ವಾಸೂ! ಲೇ ವಾಸೂ! ಬಾರ್ಲಾ ಇಲ್ಲಿ!"

ಮಣ್ಣಿನ ಕೈಯಲ್ಲೇ ಓಡಿಬಂದ ಹುಡುಗ ಡ್ರಮ್ಮಿನ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಮುದುಕಿಯನ್ನು ಕಂಡು ತಬ್ಬಿಬ್ಬಾದ.

"ಮನೇಲಿ ಸೊಳ್ಳೆ ಫ್ಯಾಕ್ಟ್ರಿ ಇಟ್ಕೊಂಡು ನನ್ ದವನಕ್ಕೆ ಬುದ್ಧಿ ಹೇಳಾಕ್ ಬಂದಿದ್ಯಾ? ನಿನ್ ಕೈಯಾಗೆ ಎಷ್ಟು ಪಾಳಿ ನಡೀತದೆ ಇಲ್ಲಿ? ಜನರಲ್ ಶಿಫ್ಟಾ, ನೈಟಾ?"

ವಾಸು ಡ್ರಮ್ಮಿನೊಳಗೆ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. "ಸಸಿಗೆ ನೀರು ಹಿಡಿದಿಟ್ಟಿದ್ದೆ ಅಜ್ಜಿ. ಮುಚ್ಚಾಕೆ ಮರ್ತೋಯ್ತು."

"ಮೊದ್ಲು ಚೆಲ್ಲು."

ಇಬ್ಬರೂ ಸೇರಿ ಡ್ರಮ್ಮು ಉರುಳಿಸಿದರು. ಅವನು ಒಳಗೋಡೆ ತಿಕ್ಕುವವರೆಗೂ ಬಿಡದೆ, ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಬಿಗಿಯುವವರೆಗೂ ಅವಳು ಅಲ್ಲೇ ನಿಂತಳು. ಮಜ್ಜಿಗೆ ಲೋಟ ಹಿಡಿದು ಬಂದ ಗೋವಿಂದಮ್ಮ, "ಆರು ತಿಂಗ್ಳಿಂದ ನಾನ್ ಹೇಳಿದ್ರೆ ಕೇಳಿರ್ನಿಲ್ಲ" ಎಂದಳು.

ಕೈತೊಳೆದು ಮೂವರೂ ಕೂತ ಮೇಲೆ ಕದಿರಮ್ಮ ತಂದಿದ್ದ ಕುಂಡವನ್ನು ಹುಡುಗನ ಕಡೆ ತಳ್ಳಿದಳು. ಸುತ್ತಿ ಬಳಸಿ ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

"ಅವತ್ತು ಕುಂಡ ಎತ್ತಿಟ್ಟೋಳು ನಾನೇ ಕಣಪ್ಪಾ. ನಮ್ ಹುಡ್ಗಿ ಹೇಳಿರ್ನಿಲ್ಲ. ಅವ್ಳಿಗೆ ಗೊತ್ತೂ ಇರ್ನಿಲ್ಲ. ಯಾರ್ಗೂ ಹೇಳ್ಬೇಡ."

"ಅಲ್ಲಿದ್ದ ಎಲ್ಲಾರ್ಗೂ ಗೊತ್ತು ಅಜ್ಜಿ."

"ಗೊತ್ತಾಗೋದು ಬೇರೆ, ಹೇಳೋದು ಬೇರೆ." ಕುಂಡದಿಂದ ಒಂದು ಎಲೆ ಕಿತ್ತು ಉಜ್ಜುತ್ತಾ ಹೇಳಿದಳು, "ಅವ್ಳು ಮನೇಲಿಲ್ದೆ ಹೋದ್ರೆ ನಂಗೆ ಹೊತ್ತೋಗಲ್ಲ. ಅದಕ್ಕೇ ಮಾಡ್ದೆ. ತಪ್ಪಾಯ್ತು."

ಗೋವಿಂದಮ್ಮ ನಿಜ ಬಿಚ್ಚಿಟ್ಟಳು. ಅಂದು ಜೊತೆಗೆ ಬಂದಿದ್ದ ಅವಳ ಅಣ್ಣನಿಗೆ ಕಾಲೆಲ್ಲ ಊದಿ, ಆ ಮುದುಕಿ ಇರುವ ಮನೆಯ ಹೆಣ್ಣೇ ಬೇಡವೆಂದು ಪಟ್ಟು ಹಿಡಿದಿದ್ದಾನೆ. "ಅದಕ್ಕೇ ಫೋನ್ ಮಾಡಿರ್ನಿಲ್ಲ. ನಾನಂತೂ ಭಾನ್ವಾರದಿಂದ ನೆನೆಸ್ಕೊಂಡು ನಗ್ತಾ ಇದೀನಿ ಕಣಕ್ಕಾ. ಇವರಪ್ಪ ಹೋದ್ಮೇಲೆ ಈ ಮನೇಲಿ ಅಷ್ಟು ನಕ್ಕಿದ್ದೇ ಇಲ್ಲ."

ಕದಿರಮ್ಮ ಹುಡುಗನ ಕಡೆ ತಿರುಗಿದಳು. "ಅವ್ಳು ಕೆಲ್ಸ ಬಿಡಲ್ಲ."

"ಕಂಪನಿ ಬಸ್ಸು ಇಲ್ಲಿಗೂ ಬತ್ತದೆ. ನಾನ್ಯಾಕ್ ಬಿಡಿಸ್ಲಿ?" ಎಂದ ವಾಸು. ಆಮೇಲೆ ನೆಲ ನೋಡುತ್ತಾ, "ಅವ್ರು ಏನಂದ್ರು?" ಎಂದು ಕೇಳಿದ. ಈಗ ಮಾತ್ರ ಅದು ನಾಚಿಕೆಯೇ ಆಗಿತ್ತು.

"ನೀನೇ ಕೇಳು" ಎಂದಳು ಅಜ್ಜಿ. "ನನ್ ಜೊತೆ ಮಾತು ಬಿಟ್ಟವ್ಳೆ."

ಅವನು ಅಂದೇ ಸಂಜೆ ಫೋನು ಮಾಡಿದ. ವನಿತಾ ಫೋನು ಹಿಡಿದು ಹಿತ್ತಲಿಗೆ ಹೋದವಳು ಮುಕ್ಕಾಲು ಗಂಟೆ ಬರಲಿಲ್ಲ. ಬಂದವಳು ಜಗಲಿಗೆ ಬಂದು ಅಜ್ಜಿಯ ಪಕ್ಕ ಕೂತಳು. ಕೈಮೇಲೆಲ್ಲ ಸೊಳ್ಳೆ ಕಚ್ಚಿದ ಗುಳ್ಳೆಗಳು. ಹಿತ್ತಲಿನಲ್ಲಿ ಕುಂಡಗಳಿಲ್ಲವಲ್ಲ. ಕದಿರಮ್ಮ ಲಕ್ಕಿ ಎಲೆ ಕಿತ್ತು ಉಜ್ಜಿ ಅವಳ ಕೈಗೆ ಸವರಿದಳು.

"ಕಣ್ಣು ತೋರಿಸ್ಕೊಂಡ್ ಬಂದ್ರಂತೆ ಇವತ್ತು" ಎಂದಳು ವನಿತಾ.

"ಹೂಂ. ಸರಿಯಾಗಿ ಕಾಣ್ತದೆ ಈಗ."

ಆಷಾಢ ಕಳೆದ ಮೇಲೆ ಮದುವೆಯಾಯಿತು. ತಂಗಿಯ ಮಾತಿಗೆ ಕೊನೆಗೂ ಒಪ್ಪಿದ ಸೋದರಮಾವ ಬೂಟು, ಕಾಲುಚೀಲ ಹಾಕಿಕೊಂಡೇ ಬಂದ, ಮುಹೂರ್ತದವರೆಗೂ ಕಳಚಲಿಲ್ಲ. ವನಿತಾ ಕೆಲಮಂಗಲದಿಂದಲೇ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಸ್ಸಿನಲ್ಲಿ ಕೂತು ಅಜ್ಜಿಗೆ ಫೋನು ಮಾಡುತ್ತಾಳೆ. ಅವಳು ಹೊಸ ಸೂಪರ್‌ವೈಸರನ ಕತೆ ಹೇಳಬೇಕು, ಅಜ್ಜಿ ಅವನ ದನಿಯಲ್ಲಿ ಉತ್ತರ ಕೊಡಬೇಕು. ಫೋನು ಸ್ಪೀಕರಿನಲ್ಲಿರುತ್ತದೆ. ಇತ್ತೀಚೆಗೆ ನಾಗಲಕ್ಷ್ಮಿಯೂ ಹತ್ತಿರ ಬಂದು ಕೂರುತ್ತಾಳೆ, ಮೊದಲ ಸಲಕ್ಕೇ ನಗುವುದನ್ನು ಕಲಿತಿದ್ದಾಳೆ. ವಾಸು ಹಬ್ಬಕ್ಕೆ ಬಂದಾಗಲೆಲ್ಲ ದವನವನ್ನು ಬಿಸಿಲಿಗೆ ಎಳೆಯುತ್ತಾನೆ, ಅವನು ಹೋಗುತ್ತಲೇ ಕದಿರಮ್ಮ ನೆರಳಿಗೆ ಎಳೆಯುತ್ತಾಳೆ. ಗಿಡ ಹೇಗೋ ಬದುಕಿಕೊಂಡಿದೆ.

ಕುಂಡಗಳ ಸುದ್ದಿ ಬೇರಿಕೆಯಲ್ಲಿ ಹಬ್ಬದೆ ಇರುತ್ತದೆಯೇ? ಹೋದ ತಿಂಗಳು ಹಿಂದಿನ ಬೀದಿಯ ಚೆನ್ನಮ್ಮ ಬಂದು ಜಗಲಿಯಲ್ಲಿ ಕೂತು, ಅದೂ ಇದೂ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದಳು. ಭಾನುವಾರ ಅವಳ ಮಗಳನ್ನು ನೋಡಲು ಕೃಷ್ಣಗಿರಿಯಿಂದ ಬರುತ್ತಾರಂತೆ. ಕುಂಡಗಳನ್ನು ಒಂದು ದಿನದ ಮಟ್ಟಿಗೆ ಕೊಡಬಹುದೇ?

"ಕೂರಿಸ್ಬೇಕಾ, ಓಡಿಸ್ಬೇಕಾ?" ಎಂದು ಕೇಳಿದಳು ಕದಿರಮ್ಮ.

ಚೆನ್ನಮ್ಮ ಆಚೀಚೆ ನೋಡಿ ದನಿ ತಗ್ಗಿಸಿದಳು. "ಹುಡ್ಗ ನಂಗೆ ಯಾಕೋ ಹಿಡಿಸಿಲ್ಲ ಕಣಕ್ಕಾ."

"ನಿಂಗಲ್ಲ. ನಿನ್ ಮಗ್ಳಿಗೆ?"

"ಅವಳ್ನ ಯಾರ್ ಕೇಳ್ತಾರೆ?"

"ನಾನ್ ಕೇಳ್ತೀನಿ. ನಾಳೆ ಸಂಜೆ ಕರ್ಕೊಂಡ್ ಬಾ" ಎಂದಳು ಕದಿರಮ್ಮ, ಮಜ್ಜಿಗೆ ಹುಲ್ಲಿನ ಒಣಗರಿಗಳನ್ನು ಕಿತ್ತು ಹಾಕುತ್ತಾ. "ಅಲ್ಲೀಗಂಟ ಒಂದ್ ಕುಂಡಾನೂ ಅಲ್ಲಾಡಲ್ಲ."